ಕೆಲಸ ಎಲ್ಲಿ ಕಾದು ಕೂತಿದೆ? ಕಾರ್ಖಾನೆಗೂ ಕೌಂಟರಿಗೂ ಕಾರ್ಯಾಚರಣೆ ನಿರ್ವಹಣೆಯ ಮೊದಲ ಹೆಜ್ಜೆಗಳು

ಕೆಲಸಗಾರನೊಬ್ಬ ಐದು ನಿಮಿಷ ಕೈಕಟ್ಟಿ ನಿಂತರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅವನ ಪಕ್ಕದಲ್ಲೇ ಅರ್ಧ ಮುಗಿದ ನೂರು ನಗ ಮೂರು ದಿನದಿಂದ ಕೂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಹೊಸದಾಗಿ ಸೂಪರ್‌ವೈಸರ್ ಆದಾಗ ನಾನೂ ಜನರನ್ನೇ ನೋಡುತ್ತಿದ್ದೆ. ಯಾರು ಸುಮ್ಮನಿದ್ದಾರೆ, ಯಾರು ಹರಟುತ್ತಿದ್ದಾರೆ, ಯಾವ ಯಂತ್ರ ನಿಂತಿದೆ ಎಂದು ಓಡಾಡುತ್ತಿದ್ದೆ. ಎಲ್ಲರೂ ಬೆವರಿಳಿಸಿ ದುಡಿಯುತ್ತಿದ್ದರೂ ಮಾಲು ಮಾತ್ರ ಹೇಳಿದ ದಿನಕ್ಕೆ ಹೊರಡುತ್ತಿರಲಿಲ್ಲ. ನೋಡಬೇಕಾಗಿದ್ದು ಜನ ಎಲ್ಲಿ ನಿಂತಿದ್ದಾರೆ ಎಂಬುದನ್ನಲ್ಲ, ಕೆಲಸ ಎಲ್ಲಿ ನಿಂತಿದೆ ಎಂಬುದನ್ನು. ಇದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಈ ಲೇಖನದಲ್ಲಿ ಬರುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಕಾರ್ಯಾಚರಣೆ ನಿರ್ವಹಣೆ, ಅಂದರೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್, ಹೆಸರು ಕೇಳಿದಷ್ಟು ದೊಡ್ಡ ವಿದ್ಯೆಯೇನಲ್ಲ. ಸಾಮಗ್ರಿ, ಯಂತ್ರ, ಜನ, ಸಮಯ, ಮಾಹಿತಿ ಇವಿಷ್ಟನ್ನೂ ಹೊಂದಿಸಿ, ಗ್ರಾಹಕರಿಗೆ ಬೇಕಾದ ವಸ್ತುವನ್ನೋ ಸೇವೆಯನ್ನೋ ಹೇಳಿದ ಹೊತ್ತಿಗೆ, ಹೇಳಿದ ಗುಣಮಟ್ಟದಲ್ಲಿ, ತಾಳುವ ಖರ್ಚಿನಲ್ಲಿ ಕೊಡುವುದು ಇದರ ಕೆಲಸ. ಕಬ್ಬಿಣದ ರ‍್ಯಾಕ್ ಮಾಡುವ ವರ್ಕ್‌ಶಾಪಿಗೂ ಆಸ್ಪತ್ರೆಯ ನೋಂದಣಿ ಕೌಂಟರಿಗೂ ಇದೇ ಲೆಕ್ಕ. ಇವೆರಡನ್ನೂ ಉದಾಹರಣೆಯಾಗಿಟ್ಟುಕೊಂಡು ಮುಂದೆ ಹೋಗೋಣ.

ಹೆಜ್ಜೆ 1: ಒಂದು ಕೆಲಸದ ಹಿಂದೆ ಕೊನೆಯವರೆಗೂ ನಡೆಯಿರಿ

ಕಂಪ್ಯೂಟರ್ ಮುಂದೆ ಕೂತು ಚಾರ್ಟ್ ಬರೆಯುವುದರಿಂದ ಶುರು ಮಾಡಬೇಡಿ. ಒಂದು ನೋಟ್‌ಬುಕ್, ಒಂದು ಗಡಿಯಾರ ಸಾಕು. ಇವತ್ತು ಬಂದ ಒಂದು ಆರ್ಡರ್ ಆರಿಸಿಕೊಂಡು, ಅದು ಬಾಗಿಲು ದಾಟಿ ಹೊರಹೋಗುವವರೆಗೂ ಅದರ ಜೊತೆಗಿರಿ. ಯಾರು ಮುಟ್ಟಿದರು, ಎಷ್ಟು ನಿಮಿಷ ಮುಟ್ಟಿದರು, ಆಮೇಲೆ ಎಷ್ಟು ಹೊತ್ತು ಯಾರೂ ಮುಟ್ಟಲಿಲ್ಲ ಎಂಬ ಮೂರನ್ನು ಮಾತ್ರ ಬರೆದುಕೊಳ್ಳಿ.

ನಾನು ಹೀಗೆ ಹಿಂಬಾಲಿಸಿದ್ದು ರ‍್ಯಾಕಿನ ಒಂದು ಜಾಬ್ ಕಾರ್ಡನ್ನು, ಅಂದರೆ ಮಾಲಿನ ಜೊತೆಗೇ ಸಾಗುವ ಕೆಲಸದ ಚೀಟಿಯನ್ನು. ಒಂದು ನಗಕ್ಕೆ ಕತ್ತರಿಸಲು 4 ನಿಮಿಷ, ಡ್ರಿಲ್ಲಿಂಗ್‌ಗೆ 6, ಬಣ್ಣಕ್ಕೆ 10, ಪ್ಯಾಕಿಂಗ್‌ಗೆ 5. ಕೈ ಮುಟ್ಟಿದ ಸಮಯ ಒಟ್ಟು 25 ನಿಮಿಷ. ಬಣ್ಣ ಒಣಗಲು ಇನ್ನೆರಡು ಗಂಟೆ ಬೇಕು, ಅದನ್ನು ಯಾರೂ ತಪ್ಪಿಸಲಾಗದು. ಇಷ್ಟಾದರೂ ಆ ನಗ ಒಳಬಂದ ದಿನದಿಂದ ಹೊರಹೋಗುವ ಹೊತ್ತಿಗೆ ಕೆಲಸದ 6 ದಿನ ಕಳೆದಿತ್ತು. ಡ್ರಿಲ್ಲಿಂಗ್ ಮುಗಿಸಿ ಬಣ್ಣದ ಕೋಣೆಯ ಮುಂದೆ ಇಟ್ಟಿದ್ದ ರಾಶಿಯಲ್ಲಿ ಅದು ಕೆಳಗಡೆ ಸಿಕ್ಕಿಕೊಂಡಿತ್ತು. ಮೇಲಿನವು ಮೊದಲು ಹೋದವು, ಕೆಳಗಿನದು ಧೂಳು ಹಿಡಿಯಿತು, ಬಣ್ಣಕ್ಕೆ ಮುಂಚೆ ಒರೆಸುವ ಹೊಸ ಕೆಲಸವೊಂದು ಹುಟ್ಟಿಕೊಂಡಿತು. ಯಾವ ಪ್ಲಾನಿನಲ್ಲೂ ಇಲ್ಲದ ಆ ಒರೆಸುವ ಕೆಲಸವನ್ನು ನೋಡಿದಾಗ ನನಗೆ ಕಣ್ಣು ತೆರೆದಂತಾಯಿತು. ಕಾಯುವಿಕೆಗೆ ಸಮಯವಷ್ಟೇ ಹೋಗುವುದಿಲ್ಲ, ಅದು ತನ್ನದೇ ಕೆಲಸವನ್ನೂ ಹುಟ್ಟಿಸುತ್ತದೆ.

ಸೇವೆಯಲ್ಲಿ ಹಿಂಬಾಲಿಸಬೇಕಾದದ್ದು ಒಬ್ಬ ಗ್ರಾಹಕರನ್ನು ಅಥವಾ ಒಂದು ಅರ್ಜಿಯನ್ನು. ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಾಗ ನಡುವೆ ಇರುವ ಟ್ರೇಗಳನ್ನು ನೋಡಿ. ಕಾರ್ಖಾನೆಯ ರಾಶಿಗೆ ಇಲ್ಲಿ ಟ್ರೇ ಎಂದು ಹೆಸರು, ಇಮೇಲ್ ಇದ್ದಲ್ಲಿ ಇನ್‌ಬಾಕ್ಸ್ ಎಂದು ಹೆಸರು.

ಜಪಾನಿನ ಟೊಯೊಟಾ ಕಾರು ಕಂಪನಿಯ ತೈಚಿ ಓನೋ ವ್ಯರ್ಥವನ್ನು ಏಳು ಬಗೆಯಾಗಿ ವಿಂಗಡಿಸಿದ್ದರು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸಾಗಿಸುವುದು, ಅನಗತ್ಯ ಸಂಸ್ಕರಣೆ, ದಾಸ್ತಾನು, ಅನಗತ್ಯ ಓಡಾಟ, ದೋಷ. ನಿಮ್ಮ ನೋಟ್‌ಬುಕ್ಕಿನ ಒಂದೊಂದು ಸಾಲಿನ ಮುಂದೆಯೂ ಇವುಗಳಲ್ಲಿ ಯಾವುದು ಎಂದು ಗುರುತು ಹಾಕಿ. ಹೆಚ್ಚು ತಯಾರಿಸುವುದನ್ನು ಓನೋ ಎಲ್ಲಕ್ಕಿಂತ ಕೆಟ್ಟದ್ದೆಂದು ಎಣಿಸಿದ್ದು ಯಾಕೆ ಎಂಬುದು ಬಣ್ಣದ ಕೋಣೆಯ ಮುಂದಿನ ಆ ರಾಶಿ ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ಉಳಿದ ಆರಕ್ಕೂ ಅದೇ ಬೇರು.

ಹೆಜ್ಜೆ 2: ಗ್ರಾಹಕರ ವೇಗ ಎಷ್ಟು, ನಿಮ್ಮ ವೇಗ ಎಷ್ಟು

ಮುಂದಿನದು ಒಂದು ಸಣ್ಣ ಭಾಗಾಕಾರ. ದಿನದಲ್ಲಿ ಕೆಲಸಕ್ಕೆ ನಿಜವಾಗಿ ಸಿಗುವ ಸಮಯವನ್ನು ದಿನದ ಬೇಡಿಕೆಯಿಂದ ಭಾಗಿಸಿ. 8 ಗಂಟೆಯ ಶಿಫ್ಟಿನಲ್ಲಿ 30 ನಿಮಿಷ ಬಿಡುವು ಕಳೆದರೆ 450 ನಿಮಿಷ. ದಿನಕ್ಕೆ 50 ರ‍್ಯಾಕ್ ಬೇಕಿದ್ದರೆ 9 ನಿಮಿಷಕ್ಕೊಂದು ಹೊರಬರಬೇಕು. ಇದನ್ನು ಟಾಕ್ಟ್ ಸಮಯ ಅನ್ನುತ್ತಾರೆ. ಸಂಗೀತದಲ್ಲಿ ತಾಳ ಇದ್ದಂತೆ ಇದು. ಗ್ರಾಹಕರು ಹಾಕಿಕೊಟ್ಟ ತಾಳ.

ಈಗ ಒಂದೊಂದು ಹಂತದ ಸಮಯವನ್ನೂ ಈ 9 ನಿಮಿಷಕ್ಕೆ ಹೋಲಿಸಿ. ಕತ್ತರಿಸುವುದು 4, ಡ್ರಿಲ್ಲಿಂಗ್ 6, ಪ್ಯಾಕಿಂಗ್ 5, ಈ ಮೂರೂ ಸರಿ. ಬಣ್ಣ 10 ನಿಮಿಷ. ಅಲ್ಲೇ ಸಿಕ್ಕಿಬಿದ್ದಿರುವುದು. 450 ನಿಮಿಷದಲ್ಲಿ ಬಣ್ಣದ ಕೋಣೆಯಿಂದ ಹೊರಬರುವುದು 45 ಮಾತ್ರ. ಉಳಿದವರು ಎಷ್ಟೇ ಓಡಿದರೂ ದಿನಕ್ಕೆ 5 ನಗ ಕಡಿಮೆ ಬೀಳುತ್ತದೆ. ಈ ಹಂತವನ್ನು ಬಾಟಲ್‌ನೆಕ್ ಅನ್ನುತ್ತೇವೆ. ಇಡೀ ಕಾರ್ಖಾನೆಯ ವೇಗವೆಂದರೆ ಈ ಒಂದು ಜಾಗದ ವೇಗ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಕತ್ತರಿಸುವವನು 4 ನಿಮಿಷಕ್ಕೊಂದು ಮಾಡಬಲ್ಲ, ಹಾಗಾಗಿ ದಿನಕ್ಕೆ 112 ಮಾಡಲಿ, ಅವನಿಗೆ ಟಾರ್ಗೆಟ್ ಕೊಡಿ, ಹೆಚ್ಚು ಮಾಡಿದರೆ ಬಹುಮಾನ ಕೊಡಿ ಎನ್ನುತ್ತಾರೆ. ಅವನು ನಿಷ್ಠೆಯಿಂದ 112 ಕತ್ತರಿಸುತ್ತಾನೆ. ಬಣ್ಣದ ಕೋಣೆ 45ನ್ನು ನುಂಗುತ್ತದೆ. ಉಳಿದ 67 ನೆಲದ ಮೇಲೆ ಉಳಿಯುತ್ತವೆ. ಮರುದಿನ ಮತ್ತೆ 67. ಹಣ ಕಬ್ಬಿಣದ ರೂಪದಲ್ಲಿ ನೆಲ ಹಿಡಿದು ಕೂರುತ್ತದೆ, ಹೊರಹೋದ ಮಾಲು ಒಂದೂ ಹೆಚ್ಚಾಗಿರುವುದಿಲ್ಲ. ಬಾಟಲ್‌ನೆಕ್ ಅಲ್ಲದ ಜಾಗದಲ್ಲಿ ಉಳಿಸಿದ ಒಂದು ಗಂಟೆಗೆ ಬೆಲೆಯಿಲ್ಲ. ಬಾಟಲ್‌ನೆಕ್ಕಿನಲ್ಲಿ ಕಳೆದುಕೊಂಡ ಒಂದು ಗಂಟೆ ಇಡೀ ಕಾರ್ಖಾನೆ ಕಳೆದುಕೊಂಡ ಗಂಟೆ. ಈ ಎರಡು ವಾಕ್ಯಗಳನ್ನು ಒಪ್ಪಿಕೊಳ್ಳುವುದು ಕಷ್ಟ, ಯಾಕೆಂದರೆ ಒಬ್ಬರು ಖಾಲಿ ನಿಂತಿರುವುದನ್ನು ಸಹಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಲೇಬೇಕು.

ಹಾಗಾದರೆ ಬಣ್ಣಕ್ಕೆ ಹೊಸ ಯಂತ್ರ ತರಬೇಕೆ? ಅದಕ್ಕೆ ಮುಂಚೆ ಅಲ್ಲಿ ಅರ್ಧ ದಿನ ನಿಂತು ನೋಡಿ. ನಮ್ಮಲ್ಲಿ ಆ 10 ನಿಮಿಷದಲ್ಲಿ 3 ನಿಮಿಷ ಬಣ್ಣವೇ ಅಲ್ಲ. ಬಣ್ಣ ಹೊಡೆಯುವವರು ಗನ್ ಕೆಳಗಿಟ್ಟು, ಕೈಗವಸು ತೆಗೆದು, ಹೊರಗೆ ಹೋಗಿ, ನಗ ಎತ್ತಿ ತಂದು ಕೊಕ್ಕೆಗೆ ನೇತುಹಾಕುತ್ತಿದ್ದರು. ಆ ಕೋಣೆಯಲ್ಲಿ ಬಣ್ಣ ಹೊಡೆಯುವ ಕೈಚಳಕ ಇದ್ದದ್ದು ಅವರೊಬ್ಬರಿಗೇ. ನೇತುಹಾಕಲು ಯಾರಾದರೂ ಸಾಕು. 4 ನಿಮಿಷದಲ್ಲಿ ಕೆಲಸ ಮುಗಿಸಿ ಕಾಯುತ್ತಿದ್ದ ಕತ್ತರಿಸುವವರಿಗೆ ಆ ಕೆಲಸ ಹೋಯಿತು. ಅವರದ್ದು 7 ನಿಮಿಷ, ಬಣ್ಣದ್ದೂ 7 ನಿಮಿಷ. ಎರಡೂ 9ರೊಳಗೆ. ಒಂದು ಯಂತ್ರವನ್ನೂ ಕೊಳ್ಳಲಿಲ್ಲ.

ಕ್ರಮ ಹೀಗಿರಲಿ: ಮೊದಲು ಬಾಟಲ್‌ನೆಕ್ ಗುರುತಿಸಿ, ಅದು ಒಂದು ನಿಮಿಷವೂ ಖಾಲಿ ಇರದಂತೆ ನೋಡಿಕೊಳ್ಳಿ (ಊಟದ ಹೊತ್ತಿಗೆ ಅಲ್ಲಿಗೆ ಬದಲಿ ಕೈ ಕೊಡಿ, ಕೆಟ್ಟ ನಗ ಅಲ್ಲಿಗೆ ತಲುಪುವ ಮುಂಚೆಯೇ ತಡೆಯಿರಿ), ಉಳಿದವರೆಲ್ಲ ಅದರ ವೇಗಕ್ಕೆ ಹೊಂದಿಕೊಳ್ಳಲಿ, ಇಷ್ಟಾದ ಮೇಲೂ ಸಾಲದಿದ್ದರೆ ಆಗ ಹಣ ಹಾಕಿ. ಹಣ ಹಾಕಿದ ಮೇಲೆ ಬಾಟಲ್‌ನೆಕ್ ಬೇರೆ ಕಡೆಗೆ ಜಾರುತ್ತದೆ. ಮತ್ತೆ ಹುಡುಕಿ.

ಕೆಲಸ ನಿಲ್ಲದೆ ಹರಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಫೋರ್ಡ್ ಕಂಪನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ. 1913ರಲ್ಲಿ ಅಲ್ಲಿ ಕಾರಿನ ಚಾಸಿಯನ್ನು (ಅಡಿಚೌಕಟ್ಟನ್ನು) ಚಲಿಸುವ ಸಾಲಿಗೆ ತಂದರು. 12 ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಜೋಡಣೆ ಮರುವರ್ಷದ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು. ಜನ ಕೆಲಸದ ಬಳಿಗೆ ಹೋಗುವ ಬದಲು ಕೆಲಸ ಜನರ ಬಳಿಗೆ ಬಂದದ್ದು ಅಲ್ಲಿ ಆದ ಮುಖ್ಯ ಬದಲಾವಣೆ.

ಹೆಜ್ಜೆ 3: ನೆಲದ ಮೇಲಿನ ರಾಶಿ ಎಣಿಸಿ

ಗ್ರಾಹಕರು ಫೋನ್ ಮಾಡಿ "ಯಾವಾಗ ಸಿಗುತ್ತದೆ?" ಎಂದರೆ ಉತ್ತರಿಸಲು ಒಂದು ಸರಳ ಸೂತ್ರವಿದೆ. ಒಳಗಿರುವ ಒಟ್ಟು ನಗಗಳನ್ನು ದಿನಕ್ಕೆ ಹೊರಹೋಗುವ ನಗಗಳಿಂದ ಭಾಗಿಸಿದರೆ, ಒಂದು ನಗ ಒಳಗೆ ಕಳೆಯುವ ಸರಾಸರಿ ದಿನಗಳು ಸಿಗುತ್ತವೆ. ಇದಕ್ಕೆ ಲಿಟಲ್‌ನ ನಿಯಮ ಎಂದು ಹೆಸರು. ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಸಂಜೆ ಎಲ್ಲರೂ ಸೇರಿ ಅರೆಬರೆ ಮುಗಿದ ನಗಗಳನ್ನೆಲ್ಲ ಎಣಿಸಿದೆವು. 270ರ ಆಸುಪಾಸು ಬಂತು. ದಿನಕ್ಕೆ 45 ಹೊರಹೋಗುತ್ತಿದ್ದವು. ಭಾಗಿಸಿದರೆ 6 ದಿನ. ಜಾಬ್ ಕಾರ್ಡ್ ಹಿಂದೆ ನಡೆದು ಕಂಡದ್ದೂ ಅದೇ 6 ದಿನ!

ಇದರ ಅರ್ಥ ತುಂಬ ಸರಳ, ಆದರೆ ನಂಬಲು ಸಮಯ ಬೇಕು. ಬೇಗ ಕೊಡಬೇಕಾದರೆ ಒಳಗೆ ಬಿಡುವುದನ್ನು ಕಡಿಮೆ ಮಾಡಬೇಕು. ಒಳಗಿರುವುದು 100 ನಗ, ಹೊರಹೋಗುವುದು ದಿನಕ್ಕೆ 50 ಎಂದಾದರೆ ಎರಡೇ ದಿನದಲ್ಲಿ ಮಾಲು ಸಿಗುತ್ತದೆ. ಇದನ್ನು ಜಾರಿಗೆ ತರಲು ಸಾಫ್ಟ್‌ವೇರ್ ಬೇಡ. ಡ್ರಿಲ್ಲಿಂಗ್ ಮತ್ತು ಬಣ್ಣದ ನಡುವೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆಯಿರಿ. ಅದರಲ್ಲಿ 20 ನಗ ಹಿಡಿಯುವಷ್ಟೇ ಜಾಗವಿರಲಿ. ಚೌಕ ತುಂಬಿದರೆ ಡ್ರಿಲ್ಲಿಂಗ್ ನಿಲ್ಲಬೇಕು, ಖಾಲಿಯಾದಷ್ಟು ಮಾತ್ರ ಮಾಡಬೇಕು. ಜಪಾನಿನವರ ಕಾನ್‌ಬಾನ್ ಕಾರ್ಡುಗಳ ತಿರುಳೂ ಇದೇ: ಮುಂದಿನವರು ತೆಗೆದುಕೊಂಡರೆ ಹಿಂದಿನವರಿಗೆ ಮಾಡಲು ಅನುಮತಿ.

ರಾಶಿ ಯಾಕೆ ಹುಟ್ಟುತ್ತದೆ ಎಂದು ಕೇಳಿದರೆ ಬಹುತೇಕ ಕಡೆ ಒಂದೇ ಉತ್ತರ ಬರುತ್ತದೆ. "ಡ್ರಿಲ್ಲಿಂಗ್ ಯಂತ್ರಕ್ಕೆ ಜಿಗ್ ಬದಲಾಯಿಸಲು 45 ನಿಮಿಷ ಬೇಕು ಸಾರ್, ಹಾಕಿದ ಮೇಲೆ ಒಂದೇ ಸಲ ಇನ್ನೂರು ಹೊಡೆದುಬಿಡುತ್ತೇವೆ." (ಜಿಗ್ ಎಂದರೆ ನಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ.) ಕೇಳಲು ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ 50 ನಗಕ್ಕೆ 6 ನಿಮಿಷದಂತೆ 300 ನಿಮಿಷ ಸಾಕು, ಸಿಗುವುದು 450. ಉಳಿಯುವ 150 ನಿಮಿಷದಲ್ಲಿ 45 ನಿಮಿಷದ ಬದಲಾವಣೆ ಮೂರು ಸಲ ಮಾಡಬಹುದು, ಒಂದು ನಗವೂ ಕಡಿಮೆಯಾಗುವುದಿಲ್ಲ. ಡ್ರಿಲ್ಲಿಂಗ್ ಬಾಟಲ್‌ನೆಕ್ ಅಲ್ಲ, ಹಾಗಾಗಿ ಅಲ್ಲಿ ಜಿಗ್ ಬದಲಾಯಿಸುವ ಸಮಯ ಬಿಟ್ಟಿ. ಇದೇ ಮಾತು ಬಾಟಲ್‌ನೆಕ್ಕಿಗೆ ಅನ್ವಯಿಸುವುದಿಲ್ಲ. ಅಲ್ಲಿ ಬದಲಾವಣೆಯ ಒಂದೊಂದು ನಿಮಿಷವೂ ತುಟ್ಟಿ. ಅಲ್ಲಿ ದೊಡ್ಡ ಬ್ಯಾಚಿಗೆ ಅರ್ಥವಿದೆ, ಬದಲಾವಣೆಯನ್ನೇ ಚುಟುಕುಗೊಳಿಸುವವರೆಗೆ.

ಚುಟುಕುಗೊಳಿಸುವುದು ಹೇಗೆ? ಯಂತ್ರ ನಿಂತಾಗ ಮಾತ್ರ ಮಾಡಲು ಸಾಧ್ಯವಿರುವ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರ್ಪಡಿಸಿ. ಸ್ಪ್ಯಾನರ್ ಹುಡುಕುವುದು, ಮುಂದಿನ ಜಿಗ್ ಸ್ಟೋರಿನಿಂದ ತರುವುದು, ಡ್ರಾಯಿಂಗ್ ಓದುವುದು ಎಲ್ಲವೂ ಯಂತ್ರ ಓಡುವಾಗಲೇ ಆಗಬೇಕು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಈ ದಾರಿಯನ್ನು ವ್ಯವಸ್ಥಿತವಾಗಿ ಬೆಳೆಸಿದವರು. ಟೊಯೊಟಾದ 1,000 ಟನ್ ಪ್ರೆಸ್ಸಿನ (ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರ) ಅಚ್ಚು ಬದಲಾವಣೆ 4 ಗಂಟೆಯಿಂದ ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿದದ್ದು ಈ ದಾರಿಯಲ್ಲೇ.

ಹೆಜ್ಜೆ 4: ಸೇವೆಯಲ್ಲಿ ಕಾಯುವುದು ಮನುಷ್ಯರು

ಇಲ್ಲಿಯವರೆಗೆ ಕಬ್ಬಿಣ ಕಾಯುತ್ತಿತ್ತು. ಕೌಂಟರಿನ ಮುಂದೆ ಕಾಯುವುದು ಜನ. ಕಾರ್ಖಾನೆಯವರಿಗೆ ಇರುವ ಒಂದು ಅನುಕೂಲ ಸೇವೆಯವರಿಗೆ ಇಲ್ಲ: ಬೇಡಿಕೆ ಕಡಿಮೆಯಿದ್ದಾಗ ಮಾಡಿಟ್ಟು, ಹೆಚ್ಚಾದಾಗ ಕೊಡಲು ಬರುವುದಿಲ್ಲ. ಬೆಳಿಗ್ಗೆ 8ರಿಂದ 9ರವರೆಗೆ ಖಾಲಿ ಕೂತ ಗುಮಾಸ್ತರ ಆ ಒಂದು ಗಂಟೆಯನ್ನು 11 ಗಂಟೆಯ ಜನಜಂಗುಳಿಗೆ ಕೊಂಡೊಯ್ಯಲಾಗದು. ಹೊರಟ ಬಸ್ಸಿನ ಖಾಲಿ ಸೀಟು ಹೋಯಿತೆಂದರೆ ಹೋಯಿತು. ಇದರ ಮೇಲೆ, ಬರುವವರೆಲ್ಲ ಒಂದೇ ಥರ ಇರುವುದಿಲ್ಲ. ಒಬ್ಬರ ಕೆಲಸ ಎರಡು ನಿಮಿಷದ್ದು, ಮತ್ತೊಬ್ಬರದು ಹನ್ನೆರಡು ನಿಮಿಷದ್ದು.

ಸರದಿಯ ಗಣಿತ ಶುರುವಾದದ್ದು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ. ಕರೆಗಳು ಯಾವ ರೀತಿಯಲ್ಲಿ ಬರುತ್ತವೆ ಎಂಬ ಬಗ್ಗೆ ಆಗ್ನರ್ ಎರ್ಲಾಂಗ್ 1909ರಲ್ಲಿ ತಮ್ಮ ಮೊದಲ ಲೇಖನ ಪ್ರಕಟಿಸಿದರು. ಆ ಗಣಿತದ ಅತಿ ಸರಳ ಮಾದರಿಯನ್ನೇ ತೆಗೆದುಕೊಳ್ಳಿ: ಒಂದು ಕೌಂಟರ್, ಜನ ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಒಬ್ಬೊಬ್ಬರಿಗೂ ಸರಾಸರಿ 5 ನಿಮಿಷ ಬೇಕು. ಕೌಂಟರ್ ಶೇ. 50ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸರದಿಯಲ್ಲಿ ಸರಾಸರಿ ಕಾಯುವಿಕೆ 5 ನಿಮಿಷ. ಶೇ. 80 ಆದರೆ 20 ನಿಮಿಷ. ಶೇ. 90 ಆದರೆ 45 ನಿಮಿಷ. ಶೇ. 95 ಆದರೆ 95 ನಿಮಿಷ. ನಿಜ ಜೀವನದ ಅಂಕಿಗಳು ಸ್ವಲ್ಪ ಆಚೀಚೆ ಇರುತ್ತವೆ, ಆದರೆ ಕೊನೆಯಲ್ಲಿ ಗೋಡೆಯಂತೆ ಏರುವ ಆ ರೇಖೆಯ ಆಕಾರ ಎಲ್ಲ ಕಡೆಯೂ ಇದೇ. "ಸಿಬ್ಬಂದಿ ಶೇ. 100 ಬಿಜಿ ಇರಬೇಕು" ಎಂದು ಹಟ ಹಿಡಿಯುವ ಮ್ಯಾನೇಜರ್‌ಗಳು ಅದರ ಬೆಲೆಯನ್ನು ಹೊರಗೆ ನಿಂತಿರುವ ಜನರಿಂದ ವಸೂಲಿ ಮಾಡುತ್ತಿರುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಕಾಯುವವರಲ್ಲಿ ಜ್ವರ ಬಂದವರಿರುತ್ತಾರೆ, ಕಂಕುಳಲ್ಲಿ ಮಗು ಹೊತ್ತವರಿರುತ್ತಾರೆ.

ಇದೇ ರೇಖೆಯಲ್ಲಿ ಒಂದು ಒಳ್ಳೆಯ ಸುದ್ದಿಯೂ ಅಡಗಿದೆ. ಆಸ್ಪತ್ರೆಯ ನೋಂದಣಿ ಕೌಂಟರಿಗೆ 5 ಗಂಟೆಯಲ್ಲಿ 54 ಜನ ಬರುತ್ತಾರೆ, ತಲಾ 5 ನಿಮಿಷ. 300 ನಿಮಿಷದಲ್ಲಿ 270 ನಿಮಿಷದ ಕೆಲಸ, ಅಂದರೆ ಶೇ. 90. ಕಾಯುವಿಕೆ 45 ನಿಮಿಷ. ಕೌಂಟರಿನ ಪಕ್ಕ ನಿಂತು ನೋಡಿ, ಆ 5 ನಿಮಿಷ ಹೇಗೆ ಹೋಗುತ್ತದೆ? ಬಂದವರು ಕಿಟಕಿಯ ಮುಂದೆ ನಿಂತ ಮೇಲೆ ಚೀಲ ತೆರೆಯುತ್ತಾರೆ. ಹಳೆಯ ಚೀಟಿ ಹುಡುಕುತ್ತಾರೆ. ಒಂದು ಕವರಿನೊಳಗೆ ಇನ್ನೊಂದು ಕವರು. ಸಿಗದಿದ್ದರೆ ಮಗನಿಗೆ ಫೋನ್. ಗುಮಾಸ್ತರು ಕೀಬೋರ್ಡ್ ಮೇಲೆ ಕೈಯಿಟ್ಟು ಕಾಯುತ್ತಾರೆ. ಸರದಿಯಲ್ಲಿ ನಿಂತಾಗಲೇ ಒಬ್ಬ ಸಹಾಯಕರು ಬಂದು "ಹಳೆಯ ಚೀಟಿ ಕೈಯಲ್ಲಿಟ್ಟುಕೊಳ್ಳಿ ಅಮ್ಮಾ, ನಂಬರ್ ಇಲ್ಲಿ ಬರೆದುಕೊಡುತ್ತೇನೆ" ಎಂದರೆ ಕೌಂಟರಿನ ಸಮಯ 4 ನಿಮಿಷಕ್ಕೆ ಇಳಿಯಿತೆಂದುಕೊಳ್ಳಿ. ಕೌಂಟರ್ ಈಗ ಶೇ. 72ರಷ್ಟು ಹೊತ್ತು ಕೆಲಸದಲ್ಲಿರುತ್ತದೆ. ಅದೇ ಮಾದರಿಯ ಲೆಕ್ಕದಲ್ಲಿ ಕಾಯುವಿಕೆ ಸುಮಾರು 10 ನಿಮಿಷ! ಒಂದು ನಿಮಿಷ ಉಳಿಸಿದ್ದಕ್ಕೆ 35 ನಿಮಿಷ ಸಿಕ್ಕಿತು.

ಸರದಿಗೆ ಸಂಬಂಧಿಸಿ ಇನ್ನು ಮೂರು ಮಾತು. ನಾಲ್ಕು ಕೌಂಟರಿದ್ದರೆ ನಾಲ್ಕು ಸಾಲು ಬೇಡ, ಒಂದೇ ಸಾಲು ಮಾಡಿ, ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಕಳಿಸಿ. ಒಂದು ಕಡೆ ಕ್ಲಿಷ್ಟ ಕೇಸು ಸಿಕ್ಕಿಕೊಂಡರೂ ಸಾಲು ಹರಿಯುತ್ತಲೇ ಇರುತ್ತದೆ, ಮೊದಲು ಬಂದವರಿಗೆ ಅನ್ಯಾಯವೂ ಆಗುವುದಿಲ್ಲ. ಎರಡನೆಯದು, ಬರುವ ಹೊತ್ತನ್ನು ಹಂಚಿ: ಮುಂಗಡ ಸಮಯ ಕೊಡುವುದು, ಸಾಧ್ಯವಾದ್ದನ್ನು ಮಧ್ಯಾಹ್ನಕ್ಕೆ ತಳ್ಳುವುದು, ಎಲ್ಲರ ಬಿಡುವೂ ಒಂದೇ ಹೊತ್ತಿಗೆ ಬೀಳದಂತೆ ನೋಡಿಕೊಳ್ಳುವುದು. ಮೂರನೆಯದು, ಇನ್ನೆಷ್ಟು ಹೊತ್ತು ಎಂದು ಹೇಳಿ. ಗೊತ್ತಿಲ್ಲದೆ ಕಾಯುವ ಹದಿನೈದು ನಿಮಿಷ, ಗೊತ್ತಿದ್ದು ಕಾಯುವ ಅರ್ಧ ಗಂಟೆಗಿಂತ ಉದ್ದ ಅನ್ನಿಸುತ್ತದೆ.

ಲಿಟಲ್‌ನ ನಿಯಮ ಇಲ್ಲಿಯೂ ನಡೆಯುತ್ತದೆ. ಗಂಟೆಗೆ 20 ಜನ ಬರುವ ಚಿಕಿತ್ಸಾಲಯದಲ್ಲಿ ಒಬ್ಬೊಬ್ಬರು ಒಂದೂವರೆ ಗಂಟೆ ಇರುತ್ತಾರೆಂದರೆ ಯಾವ ಹೊತ್ತಿಗೆ ನೋಡಿದರೂ ಸರಾಸರಿ 30 ಜನ ಒಳಗಿರುತ್ತಾರೆ. ಕುರ್ಚಿ 15 ಇದ್ದರೆ ಉಳಿದವರು ಗೋಡೆಗೆ ಒರಗಿ ನಿಂತಿರುತ್ತಾರೆ. ಕುರ್ಚಿ ತರಿಸುವುದಕ್ಕಿಂತ ಆ ಒಂದೂವರೆ ಗಂಟೆ ಎಲ್ಲಿ ಹೋಗುತ್ತಿದೆ ಎಂದು ಹುಡುಕುವುದು ಮೇಲು.

ಹೆಜ್ಜೆ 5: ಸ್ಟೋರಿನಲ್ಲಿ ಎಷ್ಟಿರಬೇಕು

ದಾಸ್ತಾನಿನ ಬಗ್ಗೆ ಎರಡೇ ಪ್ರಶ್ನೆ: ಯಾವಾಗ ತರಿಸಬೇಕು, ಎಷ್ಟು ತರಿಸಬೇಕು.

ಯಾವಾಗ ಎಂಬುದಕ್ಕೆ ಉತ್ತರ: ಮಾಲು ಬಂದು ಸೇರುವಷ್ಟರಲ್ಲಿ ಖರ್ಚಾಗುವುದು, ಅದರ ಮೇಲೆ ಒಂದಿಷ್ಟು ಆಪತ್ತಿಗೆ. ದಿನಕ್ಕೆ 12 ಹಿಂಜು ಬೇಕು, ಆರ್ಡರ್ ಕೊಟ್ಟ 10 ಕೆಲಸದ ದಿನಕ್ಕೆ ಬರುತ್ತದೆ ಎಂದರೆ 120. ತಡವಾದರೆ ಇರಲಿ ಎಂದು 40 ಸೇರಿಸಿ. 160ಕ್ಕೆ ಇಳಿದ ಕೂಡಲೇ ಆರ್ಡರ್ ಹೋಗಬೇಕು. ಆಪತ್ತಿನ ಈ 40 ಊಹೆಯಿಂದ ಬರಬಾರದು. ಹಿಂದಿನ ಸಲಗಳಲ್ಲಿ ಎಷ್ಟು ತಡವಾಗಿತ್ತು, ಬಳಕೆ ಎಷ್ಟು ಏರಿಳಿದಿತ್ತು ಎಂದು ನೋಡಿ ಇಡಬೇಕು. ಸರಳ ಉಪಾಯ: ಎರಡು ಡಬ್ಬ ಇಡಿ. ಎರಡನೆಯದರಲ್ಲಿ 160. ಮೊದಲನೆಯದು ಬರಿದಾದ ದಿನ ಆರ್ಡರ್.

ಎಷ್ಟು ಎಂಬುದಕ್ಕೆ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಸೂತ್ರ ಕೊಟ್ಟಿದ್ದರು. (ಕಾರಿನ ಫೋರ್ಡ್ ಬೇರೆ, ಇವರು ಬೇರೆ.) ಕಡಿಮೆ ಕಡಿಮೆ ತರಿಸಿದರೆ ತರಿಸುವ ಖರ್ಚು ಏರುತ್ತದೆ, ಒಮ್ಮೆಲೇ ಹೇರಳವಾಗಿ ತರಿಸಿದರೆ ಇಟ್ಟುಕೊಳ್ಳುವ ಖರ್ಚು ಏರುತ್ತದೆ. ಎರಡೂ ಸಮನಾಗುವ ಜಾಗದಲ್ಲಿ ಒಟ್ಟು ಖರ್ಚು ಅತಿ ಕಡಿಮೆ. ವರ್ಷದ ಬೇಡಿಕೆಯನ್ನು ಎರಡರಿಂದ ಗುಣಿಸಿ, ಒಂದು ಸಲ ತರಿಸುವ ಖರ್ಚಿನಿಂದ ಗುಣಿಸಿ, ಒಂದು ನಗವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ವರ್ಷಕ್ಕೆ 3,600 ನಗ ಬೇಕು, ತರಿಸುವ ಖರ್ಚು ಇಟ್ಟುಕೊಳ್ಳುವ ಖರ್ಚಿನ 50 ಪಟ್ಟು ಎಂದರೆ 3,60,000ದ ವರ್ಗಮೂಲ, ಅಂದರೆ ಸಲಕ್ಕೆ 600.

ಈ ಸೂತ್ರದಲ್ಲಿ ನನಗೆ ಹಿಡಿಸುವುದು ಅದರ ನಿಖರತೆಯಲ್ಲ, ಅದರ ಔದಾರ್ಯ. 600ರ ಬದಲು 900 ತರಿಸಿದರೂ ಒಟ್ಟು ಖರ್ಚು ಸುಮಾರು ಶೇ. 8 ಮಾತ್ರ ಏರುತ್ತದೆ. ಹಾಗಾಗಿ ದಶಮಾಂಶದವರೆಗೆ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಪೆಟ್ಟಿಗೆಯ ಅಳತೆಗೆ ಹೊಂದಿಸಿಕೊಳ್ಳಬಹುದು. ಎಲ್ಲ ಸಾಮಾನಿಗೂ ಈ ಪಾಡು ಪಡಬೇಡಿ. ಸ್ಟೋರಿನಲ್ಲಿ ಕೆಲವೇ ಸಾಮಾನುಗಳು ಹಣದ ಬಹುಪಾಲು ನುಂಗುತ್ತವೆ. ಅವನ್ನು ದಿನವೂ ನೋಡಿ. ನಟ್ಟು ಬೋಲ್ಟುಗಳಿಗೆ ಎರಡು ಡಬ್ಬ ಸಾಕು.

ಬೇಡಿಕೆಯ ಅಂದಾಜಿಗೆ ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಶುರು ಮಾಡಿ. ಪ್ರತಿ ವಾರ ಅಂದಾಜು ಎಷ್ಟಿತ್ತು, ನಿಜವಾಗಿ ಎಷ್ಟಾಯಿತು ಎಂದು ಪಕ್ಕಪಕ್ಕ ಬರೆದಿಡಿ. ಅಂದಾಜು ತಪ್ಪುವುದು ಸಹಜ, ಆದರೆ ಸದಾ ಒಂದೇ ಕಡೆಗೆ ತಪ್ಪುತ್ತಿದ್ದರೆ ಅಂದಾಜಿನ ವಿಧಾನವನ್ನೇ ಬದಲಿಸಿ.

ಹೆಜ್ಜೆ 6: ದೋಷವನ್ನು ಹುಟ್ಟಿದ ಜಾಗದಲ್ಲೇ ಹಿಡಿಯಿರಿ

ಐದು ಹಂತಗಳಿವೆ, ಒಂದೊಂದರಲ್ಲೂ ಶೇ. 98 ಸರಿ. ಕೇಳಲು ಚೆನ್ನಾಗಿದೆ. ಗುಣಿಸಿ ನೋಡಿದರೆ ಕೊನೆಗೆ ಒಂದೂ ದೋಷವಿಲ್ಲದೆ ಬರುವುದು ಶೇ. 90 ಮಾತ್ರ. ಹತ್ತು ಹಂತವಾದರೆ ಶೇ. 82ಕ್ಕಿಂತ ಕಡಿಮೆ. ಕೊನೆಯಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನು ಕೂರಿಸಿದರೆ ಈ ಗುಣಾಕಾರ ಬದಲಾಗುವುದಿಲ್ಲ. ಕೆಟ್ಟದ್ದನ್ನು ಬಾಟಲ್‌ನೆಕ್ ದಾಟಿಸಿ, ಬಣ್ಣ ಹೊಡೆದು, ಆಮೇಲೆ ಬಿಸಾಡುತ್ತೇವೆ ಅಷ್ಟೆ.

ಟೊಯೊಟಾ ಸಮೂಹದ ಮೂಲಪುರುಷ ಸಾಕಿಚಿ ಟೊಯೋಡ ಮಾಡಿದ ಮಗ್ಗದಲ್ಲಿ ನೂಲು ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಮಗ್ಗ ನಿಂತದ್ದರಿಂದ ಒಂದೆರಡು ನಿಮಿಷ ಹೋಗಬಹುದು, ಕೆಟ್ಟ ಬಟ್ಟೆ ಮಾತ್ರ ನೇಯ್ದುಕೊಂಡು ಹೋಗುವುದಿಲ್ಲ. ನಿಮ್ಮಲ್ಲಿಯೂ ತಪ್ಪು ಕಂಡವರಿಗೆ ಕೆಲಸ ನಿಲ್ಲಿಸುವ ಅಧಿಕಾರವಿರಲಿ, ನಿಲ್ಲಿಸಿದವರನ್ನು ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ತಪ್ಪು ಮುಚ್ಚಿಕೊಂಡು ಮುಂದೆ ಹೋಗುತ್ತದೆ.

ಎಲ್ಲ ಏರಿಳಿತವೂ ತಪ್ಪಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಬೆಲ್ ಕಂಪನಿಯ ವಾಲ್ಟರ್ ಶೂಹಾರ್ಟ್. 1924ರಲ್ಲಿ ಅವರು ಕಂಟ್ರೋಲ್ ಚಾರ್ಟ್ ಮುಂದಿಟ್ಟರು. ಗಂಟೆಗೊಮ್ಮೆ ಐದು ನಗಗಳ ರಂಧ್ರದ ಅಳತೆ ತೆಗೆದು ಸರಾಸರಿಯನ್ನು ಗ್ರಾಫಿನಲ್ಲಿ ಗುರುತಿಸಿ. ಪ್ರಕ್ರಿಯೆಯ ಸಹಜ ಏರಿಳಿತದಿಂದ ಲೆಕ್ಕ ಹಾಕಿದ ಎರಡು ಗೆರೆಗಳ ನಡುವೆ ಚುಕ್ಕಿಗಳು ಗೊತ್ತುಗುರಿಯಿಲ್ಲದೆ ಚದುರಿದ್ದರೆ ಯಂತ್ರವನ್ನು ಮುಟ್ಟಬೇಡಿ. ಪ್ರತಿ ಚುಕ್ಕಿಗೂ ತಿರುಪು ತಿರುಗಿಸುತ್ತ ಹೋದರೆ ಏರಿಳಿತ ಇನ್ನೂ ಹೆಚ್ಚುತ್ತದೆ. ಗೆರೆ ದಾಟಿತೋ, ಆಗ ನಿಲ್ಲಿಸಿ ಕಾರಣ ಹುಡುಕಿ. ಯಾಕೆ ಎಂದು ಮತ್ತೆ ಮತ್ತೆ ಕೇಳಿ. ರಂಧ್ರ ಯಾಕೆ ದೊಡ್ಡದಾಯಿತು? ಬಿಟ್ ಅಲುಗಾಡುತ್ತಿದೆ. ಯಾಕೆ? ಹಿಡಿಕೆ ಸವೆದಿದೆ. ಯಾಕೆ ಗೊತ್ತಾಗಲಿಲ್ಲ? ಅದನ್ನು ಪರೀಕ್ಷಿಸುವ ದಿನ ಯಾವ ಪಟ್ಟಿಯಲ್ಲೂ ಇಲ್ಲ. ಪ್ರಶ್ನೆ "ಯಾರು?" ಎಂದು ತಿರುಗಿದ ಕ್ಷಣ ಹುಡುಕಾಟ ನಿಂತುಹೋಗುತ್ತದೆ.

ಸೇವೆಯಲ್ಲಿ ಇದಕ್ಕೆ ಸಮನಾದದ್ದು ಪರಿಶೀಲನಾ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು ತಂದ 19 ಅಂಶಗಳ ಪಟ್ಟಿಯನ್ನು ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ರೋಗಿಯ ಹೆಸರು, ಶಸ್ತ್ರಕ್ರಿಯೆಯ ಜಾಗ, ಕೊನೆಯಲ್ಲಿ ಉಪಕರಣಗಳ ಎಣಿಕೆ ಮುಂತಾದ ಎಲ್ಲರಿಗೂ ಗೊತ್ತಿರುವ ವಿಷಯಗಳೇ ಅದರಲ್ಲಿರುವುದು. ಅವನ್ನು ಗಟ್ಟಿಯಾಗಿ ಕೇಳಿ, ಗಟ್ಟಿಯಾಗಿ ಉತ್ತರಿಸುತ್ತಾರೆ.

ಹೆಜ್ಜೆ 7: ಬೋರ್ಡ್, ಹತ್ತು ನಿಮಿಷ, ಮತ್ತೆ ನಡಿಗೆ

ಕೆಲಸದ ಜಾಗದಲ್ಲೇ ಒಂದು ಬೋರ್ಡ್ ನೇತುಹಾಕಿ. ಗಂಟೆಗೊಂದು ಸಾಲು: ಎಷ್ಟು ಆಗಬೇಕಿತ್ತು, ಎಷ್ಟಾಯಿತು, ಕಡಿಮೆಯಾಗಿದ್ದರೆ ಯಾಕೆ. ಬರೆಯಬೇಕಾದವರು ಕೆಲಸ ಮಾಡುವವರೇ, ಆಫೀಸಿನವರಲ್ಲ. ಶಿಫ್ಟ್ ಶುರುವಿಗೆ ಅದರ ಮುಂದೆ ನಿಂತುಕೊಂಡೇ ಹತ್ತು ನಿಮಿಷ ಮಾತಾಡಿ. ನಿನ್ನೆ ಕೆಲಸ ಎಲ್ಲಿ ನಿಂತಿತು, ಇವತ್ತು ಅದಕ್ಕೆ ಏನು ಮಾಡುತ್ತೇವೆ, ಯಾರು ಮಾಡುತ್ತಾರೆ. ಅಲ್ಲಿ ಒಪ್ಪಿಕೊಂಡದ್ದು ಮರುದಿನ ಆಗಿದೆಯೇ ಎಂದು ನೀವು ಕೇಳದೇ ಹೋದರೆ ಬೋರ್ಡ್ ಒಂದು ತಿಂಗಳಲ್ಲಿ ಅಲಂಕಾರವಾಗುತ್ತದೆ.

ಒಂದು ಹಂತದ ಒಳ್ಳೆಯ ವಿಧಾನ ಗೊತ್ತಾದರೆ ಅದನ್ನು ಒಂದೇ ಹಾಳೆಯಲ್ಲಿ ಚಿತ್ರ ಹಾಕಿ ಬರೆದು ಅಲ್ಲೇ ಅಂಟಿಸಿ. ಆ ಕೆಲಸ ಮಾಡುವವರೇ ಬರೆಯಲಿ. ಬಣ್ಣದ ಕೋಣೆಯ ಆ 3 ನಿಮಿಷದ ಗುಟ್ಟು ಬಣ್ಣ ಹೊಡೆಯುವವರಿಗೆ ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಅಳೆಯುವುದು ನಾಲ್ಕಾದರೆ ಸಾಕು: ಹೇಳಿದ ದಿನಕ್ಕೆ ಹೋದದ್ದು ಶೇ. ಎಷ್ಟು, ಒಳಬಂದದ್ದು ಹೊರಹೋಗಲು ಎಷ್ಟು ದಿನ, ಮೊದಲ ಸಲಕ್ಕೇ ಸರಿಯಾದದ್ದು ಶೇ. ಎಷ್ಟು, ಇವತ್ತು ನೆಲದ ಮೇಲೆ ಎಷ್ಟು ನಗ ಇವೆ ಅಥವಾ ಸಾಲಿನಲ್ಲಿ ಎಷ್ಟು ಜನ ಇದ್ದಾರೆ. ಯಾರು ಎಷ್ಟು ಹೊತ್ತು ಬಿಜಿಯಾಗಿದ್ದರು ಎಂಬುದು ಈ ಪಟ್ಟಿಯಲ್ಲಿಲ್ಲ. ಬೇಕೆಂದೇ ಬಿಟ್ಟಿದ್ದೇನೆ.

ಎರಡು ತಿಂಗಳಾದ ಮೇಲೆ ಅದೇ ನೋಟ್‌ಬುಕ್ ತೆಗೆದುಕೊಂಡು ಆ ದಿನ ಬಂದ ಇನ್ನೊಂದು ಜಾಬ್ ಕಾರ್ಡಿನ ಹಿಂದೆ ಹೊರಡಿ. ಹಳದಿ ಚೌಕದ ಹೊರಗೆ ಎಷ್ಟು ನಗ ಇಟ್ಟಿದ್ದಾರೆ ಎಂದು ದಾರಿಯಲ್ಲೇ ಎಣಿಸಿಕೊಳ್ಳಿ.